ಬತ್ತಿದ ಕೈಪಂಪು

ಕಳೆದ ವರ್ಷ ತಪಸ್ಸುಕಾಲದಲ್ಲಿ, ಪರಿಚಯದ ಹಿರಿಯರೊಬ್ಬರ ತಿಥಿಗೆಂದು ನಾಗಮಂಗಲದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಗುರುದೀಕ್ಷೆ ಪಡೆದ ಹೊಸದರಲ್ಲಿ ಸಮಾಜಸೇವಾ ಕಾರ್ಯದ ನಿಮಿತ್ತ ನಾನು ಓಡಾಡಿದ ಊರದು. ಊರ ಮುಂದಿನ ಅರಳಿಕಟ್ಟೆಯ ಪಕ್ಕದಲ್ಲಿ ಆಗ ನಾವು ಕೊರೆಸಿದ ಕೊಳವೆಬಾವಿಯ ಕೈಪಂಪು ಇನ್ನೂ ನಿಂತಿದೆ. ಹಿಡಿ ಇಲ್ಲ. ಅದರ ಕಂಬಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. ದಾನಿಗಳ ಹೆಸರು ಕೆತ್ತಿದ್ದ ಕಲ್ಲು ಮಗುಚಿ ಬಿದ್ದು ಬಚ್ಚಲ ಮುಂದಿನ ಹಾಸುಗಲ್ಲಾಗಿತ್ತು. ಅದರ ಮೇಲೆ ಕಾಲಿಟ್ಟು ಮನೆಯೊಳಕ್ಕೆ ಹೋಗಬೇಕಾಗಿ ಬಂದಾಗ ನನ್ನ ಮನಸ್ಸು ಅಳುಕಿತು. ಆ ಅಳುಕಿನ ಕಾರಣವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಲೆಮಾರಿನವರಿಗೆ ವಿದೇಶದ ನೆರವು ಮೊದಲು ಪರಿಚಯವಾದದ್ದು ನಾಲಿಗೆಯ ಮೂಲಕ. ಅಮೆರಿಕ ದೇಶವು 1954ರಲ್ಲಿ ಮಾಡಿದ ಪಿ.ಎಲ್. 480 ಕಾನೂನಿನಡಿ, 1956ರ ಒಪ್ಪಂದದ ತರುವಾಯ, ಹಡಗುಗಟ್ಟಲೆ ಗೋಧಿ ಭಾರತಕ್ಕೆ ಬಂತು. ಸ್ವಯಂಸೇವಾ ಸಂಸ್ಥೆಗಳ ಮೂಲಕ ಹಾಲಿನ ಪುಡಿ, ಎಣ್ಣೆ, ನುಚ್ಚುಗೋಧಿ ನಮ್ಮ ಶಾಲೆಗಳಿಗೂ ಧರ್ಮಕೇಂದ್ರಗಳಿಗೂ ಬಂದವು. ಶಾಲೆಯ ಹಳದಿ ಉಪ್ಪಿಟ್ಟಿನ ವಾಸನೆ ನನಗೆ ಈಗಲೂ ನೆನಪಿದೆ. ಹಸಿದ ಹೊಟ್ಟೆಗೆ ಅದು ಹಿತವಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಅದರೊಂದಿಗೆ ಒಂದು ಭಾವನೆಯೂ ನಮ್ಮಲ್ಲಿ ಬೇರೂರಿತು: ದೇವಾಲಯದ ಹಿಂದಿನ ಉಗ್ರಾಣದ ಬೀಗದ ಕೈ ಸ್ವಾಮಿಗಳ ಕೈಯಲ್ಲಿದೆ, ಕೇಳಿದರೆ ಕೊಡುತ್ತಾರೆ. ಗುರುವನ್ನು ಉಗ್ರಾಣಿಯನ್ನಾಗಿ ಕಾಣುವ ಈ ದೃಷ್ಟಿ ಹೋಗಲು ಬಹಳ ಕಾಲ ಹಿಡಿಯಿತು. ಪೂರ್ತಿ ಹೋಗಿದೆಯೆಂದು ಹೇಳಲಾರೆ.

ಹೊರನಾಡಿನವರು ಬಂದು ನೆರವಾಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ದೇವಾಲಯ ಕಟ್ಟಿಸಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ನಮ್ಮ ಹಿರಿಯರು ದೊಡ್ಡಸ್ವಾಮಿಯವರು ಎಂದೇ ಕರೆದರು. 1799ರ ಯುದ್ಧದ ನಂತರ ಚದುರಿಹೋಗಿದ್ದ ಭಕ್ತರನ್ನು ಅವರು ಒಟ್ಟುಗೂಡಿಸಿದರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದರು, ಹಾಸನ ಸೀಮೆಯ ಸಾತಳ್ಳಿಯಲ್ಲಿ ಬಡವರನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಇಷ್ಟೆಲ್ಲ ಮಾಡಿ 1823ರಲ್ಲಿ ತಾಯ್ನಾಡಿಗೆ ಮರಳಿದ ಅವರು, ಇಲ್ಲಿ ತಾವು ನಡೆಸಿದ ಧರ್ಮಸೇವೆ ವಿಫಲವಾಯಿತೆಂದು ಅಚ್ಚಿನಲ್ಲಿಯೇ ಒಪ್ಪಿಕೊಂಡರು. ಅವರ ತೀರ್ಮಾನ ಸರಿಯೋ ತಪ್ಪೋ, ಪಂಡಿತರು ಹೇಳಲಿ. ಗುರುಮಠದಲ್ಲಿ ಓದುವಾಗ ಈ ಸಂಗತಿ ನನಗೆ ವಿಚಿತ್ರವೆನಿಸಿತ್ತು. ಗುರುವಾದವನು ಸೋತೆನೆಂದು ಬರೆಯಬಹುದೇ ಎಂದು ಆಗ ಅಂದುಕೊಂಡಿದ್ದೆ.

ಗುರುಮಠದಲ್ಲಿ ನಾವು ಆರನೇ ಪೌಲರು 1967ರಲ್ಲಿ ಜನಾಂಗಗಳ ಅಭಿವೃದ್ಧಿಯನ್ನು ಕುರಿತು ಹೊರಡಿಸಿದ ಪರಿಪತ್ರವನ್ನು ಉತ್ಸಾಹದಿಂದ ಓದಿದವರು. ಅದೇ ಉತ್ಸಾಹದಲ್ಲಿ 1999ರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಗೆ ಒಂದು ಯೋಜನೆ ತಯಾರಿಸಿದೆವು. ಪ್ರತಿ ಹಳ್ಳಿಗೂ ಒಂದು ಕೊಳವೆಬಾವಿ, ಆಯ್ದ ಕುಟುಂಬಗಳಿಗೆ ಮಿಶ್ರತಳಿಯ ಹಸು, ಮಹಿಳಾ ಸಂಘಕ್ಕೆ ಸುತ್ತುನಿಧಿ. ಯುರೋಪಿನ ಸಂಸ್ಥೆಯೊಂದು ಹಣ ಕೊಟ್ಟಿತು. ನಾಲ್ಕು ತಾಲ್ಲೂಕಿಗೂ ಒಂದೇ ನಮೂನೆಯ ಅರ್ಜಿ, ಅದನ್ನು ಬೆರಳಚ್ಚು ಮಾಡಿದವನು ನಾನೇ.

ಈ ನಾಲ್ಕು ತಾಲ್ಲೂಕುಗಳನ್ನು ಬಲ್ಲವರಿಗೆ ನಮ್ಮ ತಪ್ಪು ಕೂಡಲೇ ತಿಳಿಯುತ್ತದೆ. ಮೈಸೂರು ಸಂಸ್ಥಾನವು 1911ರಲ್ಲಿ ಆರಂಭಿಸಿದ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಪಾಂಡವಪುರದ ಬಯಲಿಗೆ ಹರಿಯುತ್ತದೆ. ಶ್ರೀರಂಗಪಟ್ಟಣಕ್ಕಾದರೋ ಅದಕ್ಕೂ ಹಿಂದಿನ ಅರಸರ ಕಾಲದ ನಾಲೆಗಳಿವೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಪಕ್ಕದವರಿಗೆ ನೀರುಂಟು, ದೂರದವರಿಗೆ ಇಲ್ಲ. ನಾಗಮಂಗಲದ ಬಹುಭಾಗ ಮಳೆಯನ್ನೇ ನಂಬಿದ ಹೊಲ: ರಾಗಿ, ಹುರುಳಿ, ಅಲ್ಲಲ್ಲಿ ತೆಂಗು. ಕೆಲಸ ಅರಸಿ ಬೆಂಗಳೂರು ಬಸ್ಸು ಹತ್ತುವ ಯುವಕರು. ಪಾಂಡವಪುರದಲ್ಲಿ ನಾವು ಕೊಟ್ಟ ಹಸುಗಳು ನಾಲೆಯ ಬದುವಿನ ಹಸಿ ಹುಲ್ಲು ಮೇದು ಡೇರಿಗೆ ಹಾಲು ಹಾಕಿಸಿದವು. ನಾಗಮಂಗಲದ ಹಸುಗಳಿಗೆ ಒಣ ರಾಗಿಹುಲ್ಲು, ದಿನಕ್ಕೆ ನಾಲ್ಕಾರು ಕೊಡ ನೀರು. ಕೊಡ ಹೊತ್ತವರು ಹೆಂಗಸರು. ವರ್ಷದೊಳಗೆ ಅರ್ಧಕ್ಕರ್ಧ ಹಸುಗಳು ಸಂತೆ ಸೇರಿದವು. ಪಾಂಡವಪುರದಲ್ಲಿ ಗೆದ್ದದ್ದು ನಮ್ಮ ಯೋಜನೆಯೆಂದು ನಾವು ಬೀಗಿದೆವು. ನಿಜವಾಗಿ ಗೆದ್ದದ್ದು ನಾಲೆ. ಅದಕ್ಕೆ ಯಾವ ವಿದೇಶದ ದಾನಿಯೂ ಹಣ ಕೊಟ್ಟಿರಲಿಲ್ಲ.

2001ರಿಂದ ಸತತ ಮೂರು ವರ್ಷ ರಾಜ್ಯಕ್ಕೆ ಬರ ಬಡಿಯಿತು. ಅರಳಿಕಟ್ಟೆಯ ಕೈಪಂಪು ಮೊದಲು ಕೆಮ್ಮಿತು, ಆಮೇಲೆ ಗಾಳಿ ಬಿಟ್ಟಿತು, ಆಮೇಲೆ ಮೌನವಾಯಿತು. 2003ರಲ್ಲಿ ಅಂತಿಮ ವರದಿ ಕಳುಹಿಸಬೇಕಾಗಿತ್ತು. ಎಷ್ಟು ಕುಟುಂಬಗಳು ಈ ಬಾವಿಯಿಂದ ಪ್ರಯೋಜನ ಪಡೆಯುತ್ತಿವೆ ಎಂಬ ಅಂಕಣದಲ್ಲಿ, ಹಿಂದಿನ ವರ್ಷದ ವರದಿಯನ್ನು ನೋಡಿ, 42 ಎಂದು ಬರೆದೆ. ಯಾರೂ ಹಾಗೆ ಬರೆಯೆಂದು ಹೇಳಿರಲಿಲ್ಲ. ಬತ್ತಿದೆಯೆಂದರೆ ಮುಂದಿನ ಯೋಜನೆಗೆ ತೊಂದರೆಯಾದೀತು, ಬಡವರಿಗೇ ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಡವರ ಹೆಸರಿನಲ್ಲಿ ಹೇಳುವ ಸುಳ್ಳು ಬಹಳ ಸಲೀಸಾಗಿ ಬರುತ್ತದೆ.

2008ರಲ್ಲಿ ಜರ್ಮನಿಯ ಬವೇರಿಯಾ ಸೀಮೆಯ ಒಂದು ಹಳ್ಳಿಯಲ್ಲಿ ಅಲ್ಲಿನ ವಿಚಾರಣಾ ಗುರುಗಳ ಬದಲಿಗೆ ತಪಸ್ಸುಕಾಲದಲ್ಲಿ ಸೇವೆ ಮಾಡುವ ಅವಕಾಶ ಸಿಕ್ಕಿತು. 1958ರಲ್ಲಿ ಜರ್ಮನ್ ಧರ್ಮಾಧ್ಯಕ್ಷರು ಆರಂಭಿಸಿದ ಮಿಸೆರಿಯೊರ್ ಸಂಸ್ಥೆಗಾಗಿ ಪ್ರತಿ ತಪಸ್ಸುಕಾಲದಲ್ಲಿ ಅಲ್ಲಿನ ಭಕ್ತರು ಹಣ ಕೂಡಿಸುತ್ತಾರೆ. (ನಮಗೆ ಹಣ ಕೊಟ್ಟಿದ್ದು ಆ ಸಂಸ್ಥೆಯಲ್ಲ, ಬೇರೆ.) ಬಲಿಪೂಜೆ ಮುಗಿದ ಮೇಲೆ ವೃದ್ಧೆಯೊಬ್ಬರು ಕೋಲೂರಿಕೊಂಡು ಬಂದು ಕಾಗದದ ಪುಟ್ಟ ಡಬ್ಬಿಯನ್ನು ನನ್ನ ಕೈಗಿತ್ತರು. ಒಳಗೆ ಚಿಲ್ಲರೆ ನಾಣ್ಯಗಳು. ಯುದ್ಧದ ನಂತರದ ಹಸಿವನ್ನು ಅವರು ಬಾಲ್ಯದಲ್ಲಿ ಉಂಡವರು. ಹೊರಗಿನವರು ಕಳಿಸಿದ ಹಿಟ್ಟಿನಿಂದ ತಾಯಿ ಗಂಜಿ ಕಾಯಿಸುತ್ತಿದ್ದುದನ್ನು ಹೇಳಿದರು. ಬಳಿಕ, ಬಹಳ ಹಿಂದೆ ಇಂಡಿಯಾದಲ್ಲಿ ಬಾವಿಯೊಂದಕ್ಕೂ ನಾವು ಕೊಟ್ಟಿದ್ದೆವು, ಅಲ್ಲಿ ನೀರು ಬರುತ್ತಿದೆಯೇ ಎಂದು ಕೇಳಿದರು. ಯಾವ ಬಾವಿಯೋ ನನಗೆ ತಿಳಿಯದು, ಅವರಿಗೂ ತಿಳಿಯದು. ನನ್ನ ಕಣ್ಣೆದುರು ನಿಂತದ್ದು ಮಾತ್ರ ಅರಳಿಕಟ್ಟೆಯ ಪಂಪು. ನನ್ನ ಅರೆಬರೆ ಜರ್ಮನ್ ಭಾಷೆಯಲ್ಲಿ ಹೌದು ಎಂದೆ. ಅವರು ತುಂಬ ಸಂತೋಷಪಟ್ಟರು.

ತಿಥಿಯೂಟವಾದ ಮೇಲೆ, ಆ ಊರ ಸಂಘದ ಮೊದಲ ಅಧ್ಯಕ್ಷೆಯಾಗಿದ್ದ ಅವ್ವನನ್ನು ಕಾಣಲು ಹೋದೆ. ಎಂಬತ್ತು ದಾಟಿದೆ, ಕಣ್ಣು ಮಬ್ಬಾಗಿದೆ, ದನಿ ಗುರುತಿಸಿದರು. ವಾರಕ್ಕೆ ಐದು ರೂಪಾಯಿಯಂತೆ ಅವರು ಉಳಿತಾಯ ಶುರುಮಾಡಿಸಿದ್ದು ನಮ್ಮ ಯೋಜನೆಯ ಕಾಲದಲ್ಲಿ. ಮೈರಾಡ ಸಂಸ್ಥೆ ಎಂಬತ್ತರ ದಶಕದ ನಡುವಿನಲ್ಲಿ ಇಂತಹ ಸಂಘಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತ್ತು. ನಾವು ಸುತ್ತುನಿಧಿಯ ಚೆಕ್ಕು ಕೊಡಲು ಹೋದ ದಿನ ಅವ್ವ ಅದನ್ನು ಮುಟ್ಟಲಿಲ್ಲ.

"ನಮ್ ಪುಸ್ತಕಕ್ಕೆ ಅದ ಸೇರುಸ್ಬ್ಯಾಡಿ ಸ್ವಾಮಿ. ಬಂದ ದುಡ್ಡು ಅಂದ್ರೆ ಯಾರೂ ವಾಪಸ್ ಕಟ್ಟಾಕಿಲ್ಲ. ಅಕ್ಕಪಕ್ಕದೋರ ಐದು ರೂಪಾಯಿ ಅಂದ್ರೆ ಕಟ್ತಾರೆ."

ಅಂದು ನನಗೆ ಸಿಟ್ಟು ಬಂದಿತ್ತು. ಅಷ್ಟು ಹಣವನ್ನು ಹೇಗೆ ಖರ್ಚು ತೋರಿಸುವುದೆಂಬ ಚಿಂತೆ ನನ್ನದು. ಚೆಕ್ಕು ಪಡೆದ ಸುತ್ತಲಿನ ಸಂಘಗಳು ಹಣ ಹಂಚಿಕೊಂಡು ಮುಗಿದುಹೋದವು. ಅವ್ವನ ಸಂಘ ಉಳಿದಿದೆ, ಮೊಮ್ಮಗಳು ಈಗ ಲೆಕ್ಕ ಬರೆಯುತ್ತಾಳೆ. ಹಾಗೆಂದು ಎಲ್ಲವೂ ಚೆನ್ನಾಗಿದೆಯೆಂದಲ್ಲ. ಈಗ ಊರಿನಲ್ಲಿ 'ಸಂಘದವರು ಬಂದರು' ಎಂದರೆ ಬಡ್ಡಿಯ ಕಂತು ವಸೂಲಿಗೆ ಬೈಕಿನಲ್ಲಿ ಬರುವ ಮೈಕ್ರೋಫೈನಾನ್ಸ್ ಹುಡುಗರು ಎಂದರ್ಥ. ಅವರ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಾವು ಹಳ್ಳಿಗೆ ಕಲಿಸಿದ ಒಳ್ಳೆಯ ಪದವೊಂದು ಹೀಗೆ ಬೇರೆಯವರ ಪಾಲಾಯಿತು. ಮೊಮ್ಮಗಳ ಸಂಘದಲ್ಲೇ ನಾಲ್ವರು ಅಂತಹ ಸಾಲದಲ್ಲಿದ್ದಾರೆ. ಹಳೆಯ ಉಳಿತಾಯದಿಂದ ಅವರನ್ನು ಬಿಡಿಸಬಹುದೇ ಎಂದು ಅಂದು ಅವರೆಲ್ಲ ಚರ್ಚಿಸುತ್ತಿದ್ದರು. ನನ್ನನ್ನು ಯಾರೂ ಹಣ ಕೇಳಲಿಲ್ಲ. 2020ರ ತಿದ್ದುಪಡಿಯಿಂದ ವಿದೇಶಿ ದೇಣಿಗೆಯ ಕಾನೂನು ಬಿಗಿಯಾಗಿ, ನಮ್ಮಂಥವರ ಕೈಯಲ್ಲಿ ಹಿಂದಿನಷ್ಟು ಹಣವಿಲ್ಲವೆಂಬುದು ಅವರಿಗೂ ಗೊತ್ತಿರಬಹುದು.

ಮರಳಿ ಬಂದ ವಾರವೇ ಆ ಯುರೋಪಿನ ಸಂಸ್ಥೆಗೆ ಕಾಗದ ಬರೆದೆ: 2003ರ ವರದಿಯಲ್ಲಿ 42 ಎಂದಿರುವಲ್ಲಿ ಸೊನ್ನೆ ಎಂದು ತಿದ್ದಿಕೊಳ್ಳಬೇಕು, ತಪ್ಪು ನನ್ನದು. ಹಳೆಯ ಕಡತಗಳನ್ನು ಅಷ್ಟು ವರ್ಷ ಇಟ್ಟುಕೊಳ್ಳುವುದಿಲ್ಲವೆಂದೂ, ಬರೆದುದಕ್ಕೆ ವಂದನೆಗಳೆಂದೂ ಎರಡು ಸಾಲಿನ ಉತ್ತರ ಬಂತು.

ಮಳೆಗಾಲದಲ್ಲಿ ಮತ್ತೊಮ್ಮೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಬವೇರಿಯಾದ ಅಜ್ಜಿಯ ಡಬ್ಬಿಯ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅಡಿಕೆ ಕುಟ್ಟುತ್ತಿದ್ದ ಕೈ ನಿಂತಿತು.

"ಆವಮ್ಮನೂ ವಾರವಾರ ಹಾಕ್ತಿದ್ಲಾ ಸ್ವಾಮಿ, ನಮ್ಮಂಗೇ?"

ಹೌದು ಎಂದೆ.

"ಇದ ಮೊದ್ಲೇ ಹೇಳ್ಬಾರ್ದಾಗಿತ್ತಾ. ಸರ್ಕಾರದ ದುಡ್ಡು ಅನ್ಕೊಂಡಿದ್ವಿ ಕಣ್ ಸ್ವಾಮಿ."