ಹರಕೆ ಇಲ್ಲದ ಪ್ರವಾಸ

ನಮ್ಮ ಬೆಲ್ಲದ ಬಾಗೇವಾಡಿ ಕಡೆ ಊರು ಬಿಟ್ಟು ಹೋಗುವುದೆಂದರೆ ಜಾತ್ರೆಗೆ, ಮದುವೆಗೆ, ಇಲ್ಲವೇ ದವಾಖಾನೆಗೆ. ಅರವತ್ತು ದಾಟಿದ ನಮ್ಮವ್ವ ಸವದತ್ತಿ, ಚಿಂಚಲಿ, ಪಂಢರಪುರ ಎಲ್ಲ ನೋಡಿದ್ದಾಳೆ. ಸಮುದ್ರ ನೋಡಿರಲಿಲ್ಲ. ಕಬ್ಬಿನ ಹಂಗಾಮು ಮುಗಿದ ಮೇಲೆ ಉಡುಪಿ ಹತ್ತಿರದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಎಂದೆ.

“ಅಲ್ಲಿ ಯಾವ ದೇವರೈತಿ?”

“ದೇವರಿಲ್ಲ ಬೇ, ಬರೇ ಕಲ್ಲು, ನೀರು.”

“ಕಲ್ಲು ನೋಡಾಕ ಅಷ್ಟ್ ದೂರ ಯಾಕ? ಹೊಲದಾಗ ಬೇಕಾದಷ್ಟ ಅದಾವ.”

ಉಡುಪಿ ಕೃಷ್ಣನ ಹೆಸರು ಹೇಳಿದ ಮೇಲೆಯೇ ಬಸ್ ಹತ್ತಿದಳು.

ಮಲ್ಪೆ ದಂಡೆಯಲ್ಲಿ ನೀರಿಗೆ ಬೆರಳದ್ದಿ ನೆಕ್ಕಿ, “ಇಷ್ಟ್ ನೀರು ಇದ್ದರೂ ಒಂದ್ ಮಡಿ ಕಬ್ಬಿಗೆ ಬರಂಗಿಲ್ಲ” ಎಂದಳು. ಅಲ್ಲಿಂದ ಬೋಟಿನಲ್ಲಿ ಸುಮಾರು ಅರ್ಧ ತಾಸು. ಹಿರಣ್ಯಕೇಶಿ, ಘಟಪ್ರಭಾ ಉಕ್ಕಿ ಹರಿದದ್ದನ್ನು ನಾವು ನೋಡಿದ್ದೇವೆ. ಎಂಥ ಮಹಾಪೂರ ಬಂದರೂ ಆಚೆ ದಂಡೆ ಕಾಣುತ್ತದೆ. ಇಲ್ಲಿ ಕಾಣಲಿಲ್ಲ. ದ್ವೀಪ ಮುಟ್ಟುವವರೆಗೂ ಅವ್ವ ನನ್ನ ಕೈ ಬಿಡಲಿಲ್ಲ.

ದ್ವೀಪದಲ್ಲಿ ಯಾರೂ ವಾಸವಿಲ್ಲ. ತೆಂಗಿನ ಮರಗಳು, ರಾಶಿ ರಾಶಿ ಚಿಪ್ಪು, ಮತ್ತೆ ಯಾರೋ ಕೆತ್ತಿ ಜೋಡಿಸಿದಂಥ ಐದಾರು ಮೂಲೆಯ ಕಲ್ಲುಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಆರುತ್ತ ಕುಗ್ಗಿ, ಬಿರಿದು ಹೀಗಾಯಿತು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುತ್ತದಲ್ಲ, ಹಾಗೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಯ ಹೆಸರಿಟ್ಟನೆಂಬ ಮಾತೂ ಇದೆ.

ಅವ್ವ ಕಂಬದ ತಲೆ ಸವರಿ ಕೇಳಿದಳು: “ಹಂಗಾರ ನಮ್ಮ ಹೊಲನೂ ಬೆಂಕ್ಯಾಗಿಂದ ಬಂದದ್ದೇನು?” ಹೌದು. ನಮ್ಮ ಭಾಗದ ಎರೆಮಣ್ಣು ಇದಕ್ಕಿಂತ ಈಚಿನ, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಕಲ್ಲು ಸವೆದು ಆದದ್ದು.

ಆಮೇಲೆ ತೆಂಗಿನ ನೆರಳಲ್ಲಿ ಕುಳಿತಳು. ಜಾತ್ರೆಗೆ ಹೋದರೂ ನಾಲ್ಕು ದಿನದ ರೊಟ್ಟಿ ಬಡಿದು ಬುತ್ತಿ ಕಟ್ಟುವವಳು, ಅಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುವವಳು ಅವಳೇ. ಸುಮ್ಮನೆ ಕೂರುವುದು ರೂಢಿಯಿಲ್ಲ. ಶೇಂಗಾ ಆರಿಸುವಂತೆ ಚಿಪ್ಪು ಆರಿಸಿ ಗುಡ್ಡೆ ಹಾಕತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಕೈ ನಿಂತವು. ಬೋಟಿನವರು ಕರೆದಾಗ, “ಇನ್ನೊಂಚೂರು ಕುಂದರೂಣು” ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ, ಸಂಜೆಯೊಳಗೆ ಮರಳಬೇಕು. ಹೊಳೆಯಲ್ಲಿ ಈಜಿದ ಧೈರ್ಯವನ್ನು ಅಲ್ಲಿ ತೋರಿಸಬೇಡಿ; ಬಂಡೆ ಜಾರುತ್ತವೆ, ಅಲೆ ಒಳಗೆ ಎಳೆಯುತ್ತದೆ, ಜೀವ ಹೋದದ್ದುಂಟು. ಕಲ್ಲು ಕಿತ್ತು ತರಬೇಡಿ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ದಾರಿಯ ಬುತ್ತಿ ಮಾತ್ರ ನೀವೇ ಕಟ್ಟಿ.