ಕೆನ್ನೆಯ ಕುಳಿಗೆ ಹೊಟ್ಟೆಯ ಕೊಬ್ಬು

ಡಾಕ್ಟರು ಟ್ಯೂಬ್‌ಲೈಟ್ ಆರಿಸಿ ಹುಡುಗನ ಎಡಗೆನ್ನೆಗೆ ಪಕ್ಕದಿಂದ ಟಾರ್ಚ್ ಹಿಡಿಯುತ್ತಾರೆ. ಎದುರಿನಿಂದ ಬರೀ ಗೆರೆಯಂತಿದ್ದ ಕಲೆಯೊಳಗೆ ಈಗ ನೆರಳು ಕೂತಿದೆ. ಬೈಕಿನಿಂದ ಬಿದ್ದು ವರ್ಷದ ಮೇಲಾಯಿತು. ಹೊಲಿಗೆ ಚೆನ್ನಾಗಿಯೇ ಮಾಗಿದೆ. ಅದರಡಿಯ ಕೊಬ್ಬು ಉಳಿದಿಲ್ಲ.

"ಸ್ವಲ್ಪ ನಗಪ್ಪ."

ನಕ್ಕರೆ ಕುಳಿ ಇನ್ನಷ್ಟು ಆಳವಾಗುತ್ತದೆ. ಎರಡು ಬೆರಳಲ್ಲಿ ಚರ್ಮ ಹಿಡಿದೆತ್ತಲು ನೋಡುತ್ತಾರೆ, ಬರುವುದಿಲ್ಲ. ಗಾಯ ಮಾಗುವಾಗ ಹುಟ್ಟಿದ ನಾರು ಅದನ್ನು ಕೆಳಗೆ ಬಿಗಿದಿಟ್ಟಿದೆ.

"ಲೇಸರ್ ಹೊಡೆಸಿದ್ರೆ ಹೋಗಲ್ವಾ ಸಾರ್?" ಅಮ್ಮ ಕೇಳುತ್ತಾರೆ.

"ಲೇಸರ್ ಮೇಲ್ಮೈಗಮ್ಮ. ಇವನಿಗೆ ಒಳಗೇ ಖಾಲಿಯಾಗಿದೆ. ಹೊಟ್ಟೆಯ ಕೊಬ್ಬು ತೆಗೆದು ತುಂಬಬೇಕು."

ಪಕ್ಕದ ಕೋಣೆಯಲ್ಲಿ ಅದೇ ಲೇಸರ್ ನಡೆಯುತ್ತಿದೆ. ಗಾಜು ತಗುಲಿ ಹಣೆಯಲ್ಲಿ ತೆಳು ತಗ್ಗುಗಳಾದ ಮಹಿಳೆ, ಕಣ್ಣಿಗೆ ಕವಚ, ಸುಟ್ಟ ಕೂದಲಿನ ವಾಸನೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಸಣ್ಣ ಸಣ್ಣ ಚುಕ್ಕೆಗಳನ್ನು ಸುಡುತ್ತ, ನಡುವಿನ ಚರ್ಮವನ್ನು ಉಳಿಸುತ್ತ ಸಾಗುತ್ತದೆ. ಮಾಗುವಾಗ ಹೊಸ ಕೊಲಾಜನ್ ಬೆಳೆದು ತಗ್ಗಿನ ಅಂಚು ನಯವಾಗುತ್ತದೆ. ಹಲವು ಸಲ ಬರಬೇಕು. ನಮ್ಮ ಕಂದು ಚರ್ಮ ಕಪ್ಪಾಗುವ ಭಯವೂ ಇದೆ. ಅದನ್ನು ಮೊದಲೇ ಹೇಳದೆ ದುಡ್ಡು ಕಟ್ಟಿಸಿಕೊಳ್ಳುವುದು ಅನ್ಯಾಯ.

ಹುಡುಗನ ಸರದಿಯ ದಿನ. ಹೊಕ್ಕುಳ ಬಳಿ ಮರಗಟ್ಟಿಸುವ ದ್ರವ ತುಂಬಿ, ಸಣ್ಣ ರಂಧ್ರದಿಂದ ಮೊಂಡು ತುದಿಯ ಕೊಳವೆ ಒಳಗೆ ಹೋಗುತ್ತದೆ. ಸಿರಿಂಜಿಗೆ ಹಳದಿ ಕೊಬ್ಬು ಏರುತ್ತದೆ. ಯಂತ್ರದಲ್ಲಿ ತಿರುಗಿಸಿ ತೆಗೆದಾಗ ಮೂರು ಪದರ: ಮೇಲೆ ಎಣ್ಣೆ, ತಳದಲ್ಲಿ ರಕ್ತ ಬೆರೆತ ನೀರು, ನಡುವೆ ಬೇಕಾದದ್ದು. ಈ ಉಪಾಯ ಹೊಸದೇನಲ್ಲ. ಜರ್ಮನಿಯ ಶಸ್ತ್ರವೈದ್ಯ ಗುಸ್ಟಾವ್ ನಾಯ್ಬರ್ 1893ರಲ್ಲೇ ತೋಳಿನ ಕೊಬ್ಬಿನಿಂದ ಮುಖದ ತಗ್ಗು ತುಂಬಿದ್ದರು.

ಮೊದಲು ಸೂಜಿ ಕಲೆಯಡಿ ನುಸುಳಿ ನಾರು ಕತ್ತರಿಸುತ್ತದೆ. ಕರಕರ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ. ಆಮೇಲೆ 1 ಎಂಎಲ್ ಸಿರಿಂಜು. ಡಾಕ್ಟರು ಕೊಳವೆಯನ್ನು ಹಿಂದಕ್ಕೆಳೆಯುತ್ತ ಎಳೆಎಳೆಯಾಗಿ ಕೊಬ್ಬು ಬಿಡುತ್ತಾರೆ. ಒಂದೇ ಕಡೆ ಮುದ್ದೆಯಾಗಿ ಸುರಿದರೆ ನಡುವಿನದಕ್ಕೆ ರಕ್ತ ಸಿಗದೆ ಸಾಯುತ್ತದೆ. ರಕ್ತನಾಳಕ್ಕೆ ನುಗ್ಗಿದರೆ, ಅಪರೂಪಕ್ಕಾದರೂ, ಕಣ್ಣೇ ಹೋಗಬಹುದು. ಅದಕ್ಕೇ ಇಲ್ಲೂ ಮೊಂಡು ತುದಿ, ಅದಕ್ಕೇ ಈ ನಿಧಾನ.

ಕೆನ್ನೆ ಊದಿಕೊಂಡಿದೆ. ಅಮ್ಮನಿಗೆ ಗಾಬರಿ.

"ಊತ ಇಳಿಯುತ್ತಮ್ಮ. ಹಾಕಿದ್ದರಲ್ಲಿ ಒಂದಷ್ಟು ಕರಗುತ್ತೆ, ಇನ್ನೊಂದು ಸಲ ಹಾಕ್ಬೇಕಾಗಬಹುದು. ಮೂರು ತಿಂಗಳು ಬಿಟ್ಟು ನೋಡೋಣ. ಆಗಲೂ ಗೆರೆ ಒರಟಾಗಿದ್ರೆ ಲೇಸರ್." ಹುಡುಗನತ್ತ ತಿರುಗುತ್ತಾರೆ. "ಡೆಲಿವರಿ ಕೆಲಸ ಅಲ್ವಾ? ಸನ್‌ಸ್ಕ್ರೀನ್ ಇವತ್ತಿಂದಲೇ ಶುರು ಮಾಡು. ಎಡಮಗ್ಗುಲಿಗೆ ಮಲಗ್ಬೇಡ."