ಬುತ್ತಿ ಕಟ್ಟುವ ಕೆಲಸ

ಪುಣೆಯಲ್ಲಿ ರೋಬೋಟ್ ಕಂಪನಿಯೊಳಗೆ ಇದ್ದೇನೆ ಅಂದಕೂಡಲೇ ನಮ್ಮ ಕುರನೂರಿನ ಮಂದಿಗೆ ಸಿನಿಮಾದಾಗಿನ ಕಬ್ಬಿಣದ ಮನುಷ್ಯ ಕಣ್ಣಮುಂದೆ ಬರುತ್ತಾನೆ. ನಮ್ಮಲ್ಲಿ ಅಂಥವನು ಯಾರೂ ಇಲ್ಲ. ಗೋದಾಮಿನಲ್ಲಿ ಸಾಮಾನು ಹೊತ್ತು ತಾವೇ ಓಡಾಡುವ, ಮೊಳಕಾಲೆತ್ತರದ ಬಂಡಿಗಳಿವೆ. ಅವನ್ನೂ ನಾನು ಮಾಡುವುದಿಲ್ಲ. ಅವುಗಳ ತಲೆಗೆ ಬೇಕಾದ ಸಾಫ್ಟ್‌ವೇರನ್ನು ಬೇರೆಯವರು ಬರೆಯುತ್ತಾರೆ. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ, ಒಂದೂರಿಂದ ಇನ್ನೊಂದೂರಿಗೆ ಕೆಡದಂತೆ ಹೋಗಿ ಮುಟ್ಟುವ ಹಾಗೆ ಕಟ್ಟಿಕೊಡುವುದು ನನ್ನ ಕೆಲಸ. ಅದಕ್ಕೆ ಪ್ಯಾಕೇಜಿಂಗ್ ಅಂತಾರೆ. ನಮ್ಮ ಮಾತಿನಲ್ಲಿ ಹೇಳಬೇಕಂದರೆ ಬುತ್ತಿ ಕಟ್ಟುವುದು.

ಇದೇನು ಮಹಾ ಕೆಲಸ ಅಂತ ಅನಿಸಬಹುದು. ಸೊಲ್ಲಾಪುರ ಕಡೆಯ ಹೆಣ್ಣುಮಕ್ಕಳನ್ನು ಕೇಳಿ ನೋಡ್ರಿ. ಬಿಸಿ ಜೋಳದ ರೊಟ್ಟಿ ಮನೆಯಲ್ಲಿ ಉಣ್ಣಲಿಕ್ಕೆ ಚಂದ, ಪುಣೆ-ಮುಂಬಯಿಗೆ ಕಳಿಸಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಅದನ್ನೇ ತೆಳ್ಳಗೆ ಬಡಿದು, ನೀರಿನ ಅಂಶ ಹೋಗುವ ತನಕ ಕಾಯಿಸಿ ಖಡಕ್ ರೊಟ್ಟಿ ಮಾಡಿದರೆ ತಿಂಗಳು ಇಟ್ಟರೂ ಕೆಡುವುದಿಲ್ಲ. ಜೋಳ ಅದೇ, ಕೈ ಅದೇ. ಬೇಡಾದ್ದನ್ನು ತೆಗೆದದ್ದರಿಂದ ಅದು ದೂರ ಹೋಗುವಂತಾಯಿತು.

ಕಂಪ್ಯೂಟರಿನಲ್ಲೂ ಹೀಗೇ ಆಯಿತು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬುದರ ತಿರುಳನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹೊರಗೆ ಬಿಟ್ಟ. ಆದರೆ ಬರೀ ತಿರುಳಿಟ್ಟುಕೊಂಡು ನಮ್ಮಂಥವರು ಏನು ಮಾಡಬೇಕು? ಅಕ್ಷರ ಬರೆಯುವ ಪ್ರೋಗ್ರಾಂ ಬೇಕು, ಚಿತ್ರ ತೋರಿಸುವುದು ಬೇಕು, ಎಲ್ಲಾ ಒಂದಕ್ಕೊಂದು ಹೊಂದಬೇಕು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ಹುಡುಗ ಡೆಬಿಯನ್ ಎಂಬ ಕೂಟ ಶುರುಮಾಡಿ, ಇವನ್ನೆಲ್ಲಾ ಒಂದೇ ರೀತಿಯಲ್ಲಿ ಕಟ್ಟಿಡುವ ಕೆಲಸ ಹಚ್ಚಿದ. ಇವತ್ತು ಡೆಬಿಯನ್ನಿನ ಉಗ್ರಾಣದಲ್ಲಿ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಕಟ್ಟುವವರಲ್ಲಿ ಬಹಳ ಮಂದಿ ಪಗಾರ ಇಲ್ಲದೆ ಮಾಡುವವರು. 2004ರಲ್ಲಿ ಬಂದ ಉಬುಂಟು ಇದೇ ಉಗ್ರಾಣದ ಆಸರೆಯಲ್ಲಿ ನಿಂತಿದೆ.

ಒಂದು ಪ್ಯಾಕೇಜ್ ಬಿಚ್ಚಿ ನೋಡಿದರೆ ಒಳಗೆ ಸಾಮಾನೂ ಇರುತ್ತದೆ, ಒಂದು ಚೀಟಿಯೂ ಇರುತ್ತದೆ. ಇದರ ಹೆಸರೇನು, ಎಷ್ಟನೇ ಆವೃತ್ತಿ, ಯಾವ ಜಾತಿಯ ಯಂತ್ರಕ್ಕೆ, ಇದರ ಜೊತೆ ಇನ್ನೇನೇನು ಬೇಕು ಎಂದೆಲ್ಲಾ ಚೀಟಿಯಲ್ಲಿ ಬರೆದಿರುತ್ತದೆ. ಆ ಕೊನೆಯದೇ ಮುಖ್ಯ. ರೊಟ್ಟಿ ಕಟ್ಟಿ ಶೇಂಗಾ ಹಿಂಡಿ ಮರೆತರೆ ಊಟ ಆಗುವುದಿಲ್ಲ. ಚೀಟಿ ಸರಿ ಇದ್ದರೆ ಕಂಪ್ಯೂಟರ್ ತಾನೇ ಓದಿಕೊಂಡು ಹಿಂಡಿಯನ್ನೂ ತರಿಸಿಕೊಳ್ಳುತ್ತದೆ. ಚೀಟಿ ತಪ್ಪಾದರೆ ಬರೆದವನ ಯಂತ್ರದಲ್ಲಿ ಮಾತ್ರ ಓಡುತ್ತದೆ, ಪಕ್ಕದ ಮೇಜಿನ ಮೇಲೂ ಓಡುವುದಿಲ್ಲ.

ರೋಬೋಟಿನಲ್ಲಿ ಈ ತಾಪತ್ರಯ ಇನ್ನೂ ಜಾಸ್ತಿ. ಕಣ್ಣಿಗೆ ಒಂದು ಪ್ರೋಗ್ರಾಂ, ಗಾಲಿಗೆ ಒಂದು, ದಾರಿ ಹುಡುಕಲು ಒಂದು. ಇವೆಲ್ಲಾ ಒಂದರ ಕೂಡ ಒಂದು ಮಾತಾಡಬೇಕು. ಅದಕ್ಕೆಂದು 2007ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ವಿಲ್ಲೋ ಗ್ಯಾರೇಜಿನಲ್ಲಿ ರಾಸ್ ಎಂಬ ವ್ಯವಸ್ಥೆ ಬೆಳೆಯಿತು. ಇದೂ ಎಲ್ಲರಿಗೂ ಮುಕ್ತ. ಇದರ ಪ್ರತಿ ಆವೃತ್ತಿಗೂ ಆಮೆಯ ಹೆಸರಿಡುತ್ತಾರೆ, ಮತ್ತು ಪ್ರತಿ ಆಮೆಗೂ ತನ್ನದೇ ಉಬುಂಟು ಗೊತ್ತಾಗಿರುತ್ತದೆ. 2022ರ ಹಂಬಲ್ ಹಾಕ್ಸ್‌ಬಿಲ್ ಎಂಬ ಆಮೆ ಕೂಡ್ರುವುದು ಉಬುಂಟು 22.04ರ ಮೇಲೆ.

ಬರೆದ ಪ್ರೋಗ್ರಾಂ ಜೋಳದ ಕಾಳಿದ್ದಂತೆ. ಯಂತ್ರಕ್ಕೆ ಅದನ್ನು ಬೀಸಿ ಹಿಟ್ಟು ಮಾಡಿ ಕೊಡಬೇಕು. ಬಂಡಿಯೊಳಗೆ ಇರುವುದು ಅಂಗೈ ಅಗಲದ ಒಂದು ಬೋರ್ಡು. ಅದರಲ್ಲೇ ಬೀಸಲು ಕೂತರೆ ತಾಸುಗಟ್ಟಲೆ ಹಿಡಿಯುತ್ತದೆ, ನಡುವೆ ಮೆಮೊರಿ ಸಾಲದೆ ನಿಂತೂ ಬಿಡುತ್ತದೆ. ಹೊಲಕ್ಕೆ ಗಿರಣಿ ಹೊತ್ತುಕೊಂಡು ಹೋಗುವವರುಂಟೇ? ದೊಡ್ಡ ಯಂತ್ರದಲ್ಲಿ ಒಮ್ಮೆ ಬೀಸಿ, ಸಣ್ಣ ಯಂತ್ರದ ಜಾತಿಗೆ ತಕ್ಕ ಹಿಟ್ಟು ಕಳಿಸುತ್ತೇವೆ. ಆಮೇಲೆ ಖಡಕ್ ರೊಟ್ಟಿಯ ಲೆಕ್ಕ. ರಾಸ್‌ನ ಪೂರ್ತಿ ಪ್ಯಾಕೇಜಿನಲ್ಲಿ ಪರದೆಯ ಮೇಲೆ ನಕಾಶೆ ತೋರಿಸುವ ಸಲಕರಣೆಗಳಿವೆ. ಬಂಡಿಗೆ ಪರದೆಯೇ ಇಲ್ಲ, ಅದಕ್ಕೆ ಮೂಲ ಪ್ಯಾಕೇಜ್ ಸಾಕು. ತಪ್ಪು ಹುಡುಕಲೆಂದು ಸೇರಿಸಿದ ಗುರುತುಗಳನ್ನೂ ಕಳಚಿ ಬೇರೆ ಇಡುತ್ತೇವೆ. ಬಂಡಿ ಬೇಗ ಏಳುತ್ತದೆ, ನೆಟ್ ಮೆಲ್ಲಗಿರುವ ಗೋದಾಮಿಗೂ ಹೊಸ ಆವೃತ್ತಿ ಹೋಗಿ ಮುಟ್ಟುತ್ತದೆ.

ಒಂದು ಮಾತು ಮಾತ್ರ ಮರೆಯಬಾರದು. ಹಿಟ್ಟು ನೋಡಿ ಕಾಳು ಎಂಥದಿತ್ತು ಅಂತ ಹೇಳಲಿಕ್ಕೆ ಆಗುವುದಿಲ್ಲ, ಹಿಟ್ಟು ಬಿತ್ತಿದರೆ ಬೆಳೆಯೂ ಬರುವುದಿಲ್ಲ. ಅದಕ್ಕೇ ಡೆಬಿಯನ್ ಹಿಟ್ಟಿನ ಜೊತೆ ಕಾಳನ್ನೂ ಕೊಡುತ್ತದೆ, ಉಗ್ರಾಣಕ್ಕೆ ಮುದ್ರೆಯನ್ನೂ ಒತ್ತುತ್ತದೆ. ಇಷ್ಟಿದ್ದರೂ 2024ರ ಮಾರ್ಚಿನಲ್ಲಿ ಒಂದು ಪ್ರಸಂಗ ನಡೆಯಿತು. ಕಡತಗಳನ್ನು ಒತ್ತಿ ಸಣ್ಣದು ಮಾಡುವ, ಪ್ಯಾಕೇಜ್ ಕಟ್ಟಲು ನಾವು ದಿನಾ ಬಳಸುವ ಎಕ್ಸ್‌ಝಡ್ ಎಂಬ ಸಲಕರಣೆಯಲ್ಲೇ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಮೂಲದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿದ್ದವು. ಅಂದ್ರೆ ಕಾಳಿನ ಚೀಲ ನೋಡಿದವರಿಗೆ ಕಾಣುವಂತಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ತನ್ನ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಅಂತ ಬೆನ್ನುಹತ್ತಿ ಅದನ್ನು ಹಿಡಿದ. ಡೆಬಿಯನ್ನಿನ ಪರೀಕ್ಷೆಯ ಆವೃತ್ತಿಗೆ ಅದು ಬಂದಿತ್ತು, ಮಂದಿ ಬಳಸುವ ಸ್ಥಿರ ಆವೃತ್ತಿಗೆ ಇನ್ನೂ ಮುಟ್ಟಿರಲಿಲ್ಲ. ಬುತ್ತಿ ಕಟ್ಟುವ ಕೈಯ ಮೇಲೆ ಎಷ್ಟು ಭಾರ ಇರುತ್ತದೆ ಅನ್ನುವುದು ಅವತ್ತು ನಮ್ಮಂಥವರಿಗೆಲ್ಲಾ ಗೊತ್ತಾಯಿತು.

ಈಗ ನಮ್ಮ ಗಡಿಯ ಮಾತಿಗೆ ಬರುತ್ತೇನೆ. ಹೋದ ದೀಪಾವಳಿಗೆ ಬಂದಾಗ ಈ ಭಾಗದ ಒಂದು ಕನ್ನಡ ಶಾಲೆಗೆ ಹೋಗಿದ್ದೆ. ನಾಲ್ಕು ಕಂಪ್ಯೂಟರ್, ಮೇಲೆ ಹೂವಿನ ಬಟ್ಟೆ ಹೊದಿಸಿದ್ದರು. ಚಾಲೂ ಮಾಡಿದರೆ ಕನ್ನಡ ಅಕ್ಷರ ಕಾಣುವ ಜಾಗದಲ್ಲಿ ಬರೀ ಚೌಕ ಚೌಕ ಡಬ್ಬಿ. ಗುರುಗಳು ಮೆಲ್ಲಗೆ ಅಂದರು: “ಕನ್ನಡದಾಗ ಕಂಪ್ಯೂಟರ್ ಬರೂದಿಲ್ಲಂತ ಹೇಳಿ ಈ ವರ್ಷ ಇಬ್ಬರು ಮಕ್ಕಳನ್ನ ಬಿಡಿಸಿಕೊಂಡು ಹೋದ್ರಪಾ. ನಾ ಏನ್ ಉತ್ತರ ಕೊಡಲಿ?”

ಕನ್ನಡ ಕಂಪ್ಯೂಟರಿಗೆ ಬಾರದ ಭಾಷೆಯಲ್ಲ. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಕನ್ನಡ ಅಕ್ಷರಗಳು ಡೆಬಿಯನ್ ಉಗ್ರಾಣದಲ್ಲೇ ಇವೆ, ಲೋಹಿತ್ ಇದೆ. ಅಕ್ಷರ ಬರೆದವರು ಬರೆದರು, ಕಟ್ಟಿದವರು ಕಟ್ಟಿಟ್ಟರು. ಆದರೆ ಕುರನೂರ ಧರಣದಲ್ಲಿ ಬೋರಿಯ ನೀರು ತುಂಬಿ ನಿಂತರೂ ಕಾಲುವೆ ಇಲ್ಲದ ಹೊಲ ಒಣಗಿಯೇ ಇರುತ್ತದೆ. ಆ ಶಾಲೆಗೆ ಪೆಟ್ಟಿಗೆ ಬಂದಿತ್ತು, ಬುತ್ತಿ ಬಂದಿರಲಿಲ್ಲ.

ನೆಟ್ ಅಲ್ಲಿ ಮೊಬೈಲಿನದು, ಅದೂ ಬಂದರೆ ಬಂತು. ಹಾಗಾಗಿ ಪುಣೆಗೆ ವಾಪಸ್ ಹೋದಮೇಲೆ ಒಂದು ಪೆನ್‌ಡ್ರೈವಿನಲ್ಲಿ ಡೆಬಿಯನ್, ಹಳೇ ಯಂತ್ರಕ್ಕೆ ಹಗುರಾದ ಪರದೆ, ಕನ್ನಡ ಅಕ್ಷರ, ಕನ್ನಡ ಕೀಲಿಮಣೆ, ಆರ್ಡುಯಿನೋ ಬೋರ್ಡಿನ ಪ್ರೋಗ್ರಾಂ ಎಲ್ಲಾ ಅವುಗಳ ಚೀಟಿ ಸಮೇತ ಕಟ್ಟಿದೆ. ಮುಂದಿನ ಸಲ ಬಂದಾಗ ನೆಟ್ ಹಚ್ಚದೆ ನಾಲ್ಕೂ ಯಂತ್ರಕ್ಕೆ ಹಾಕಿದೆವು. ಏಳನೇ ಇಯತ್ತೆಯ ಹುಡುಗಿಯೊಬ್ಬಳು ಮೊದಲು ತನ್ನ ಹೆಸರು, ಆಮೇಲೆ ತನ್ನ ಅವ್ವನ ಹೆಸರು ಕನ್ನಡದಲ್ಲಿ ಹೊಡೆದಳು. ಮಧ್ಯಾಹ್ನದ ಹೊತ್ತಿಗೆ ಕೈ ಅಡ್ಡ ಹಿಡಿದರೆ ದೀಪ ಹತ್ತುವಂತೆ ಮಕ್ಕಳು ಬೋರ್ಡಿಗೆ ತಂತಿ ಜೋಡಿಸಿದ್ದರು. ರೋಬೋಟಿನ ಮೊದಲ ಪಾಠ ಅದೇ: ಮುಂದೇನೋ ಇದೆ ಅಂತ ತಿಳಿಯುವುದು. ಬಿಟ್ಟುಹೋದ ಆ ಇಬ್ಬರು ಮಕ್ಕಳು ತಿರುಗಿ ಬಂದಿಲ್ಲ, ಅದನ್ನೂ ಹೇಳಬೇಕು.

ಒಬ್ಬನೇ ಪೆನ್‌ಡ್ರೈವ್ ಹಿಡಿದು ಎಷ್ಟು ಶಾಲೆ ತಿರುಗಲಾದೀತು? ಇನ್ನೊಂದು ಗಡಿಯನ್ನು ನೋಡ್ರಿ. ಕೇರಳ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟುವಿನ ಮೇಲೆ ತನ್ನ ಲಿನಕ್ಸ್ ಕಟ್ಟಿದೆ. ಪಾಠಕ್ಕೆ ಬೇಕಾದ ಜಿಯೋಜಿಬ್ರಾ, ಲಿಬ್ರೆ ಆಫೀಸ್ ಮುಂತಾದವು ಅದರೊಳಗೇ ಬರುತ್ತವೆ. 2025-26ರಿಂದ ಅಲ್ಲಿ ಹತ್ತನೇ ತರಗತಿಯ ಎಲ್ಲಾ ಮಕ್ಕಳಿಗೂ ರೋಬೋಟಿಕ್ಸ್ ಪಾಠ, ಶಾಲೆಗಳಿಗೆ 29,000 ಕಿಟ್. ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಇದೆ. ಅಂದ್ರೆ ಕಾಸರಗೋಡಿನ ಕನ್ನಡ ಶಾಲೆಯ ಹುಡುಗ ಸೆನ್ಸರು, ಮೋಟರಿನ ಪಾಠವನ್ನು ತನ್ನ ಭಾಷೆಯಲ್ಲೇ ಓದುತ್ತಾನೆ. ಅವನ ಶಾಲೆಯೂ ಗಡಿಯಲ್ಲೇ ಇದೆ, ಅವನ ಸುತ್ತಲೂ ಬೇರೆ ಭಾಷೆಯೇ ಇದೆ. ಅವನಿಗೆ ಒಬ್ಬರು ಬುತ್ತಿ ಕಟ್ಟಿದ್ದಾರೆ, ವ್ಯತ್ಯಾಸ ಅಷ್ಟೇ.

ನಮ್ಮ ಕನ್ನಡ ಶಾಲೆಗಳಿಗೂ ಬಾಲಭಾರತಿಯ ಕನ್ನಡ ಪುಸ್ತಕ ಬರುತ್ತದೆ. ಪುಸ್ತಕ ಬರುವ ದಾರಿಯಲ್ಲಿ ಇದೂ ಒಂದು ದಿನ ಬರಲಿ ಅಂತ ಕೇಳೋಣ. ಅಲ್ಲಿತನಕ ವಾಚನಾಲಯದ ಹಿರಿಯರಲ್ಲಿ ನನ್ನದೊಂದು ವಿನಂತಿ. ಆ ಪೆನ್‌ಡ್ರೈವಿನ ಎರಡು ಪ್ರತಿಯನ್ನು ಇಲ್ಲಿನ ಕಪಾಟಿನಲ್ಲಿ ಪುಸ್ತಕದಂತೆ ನಂಬರು ಹಾಕಿ ಇಡಿರಿ. ಹಾಕುವ ರೀತಿಯನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡುತ್ತೇನೆ. ಯಾವ ಶಾಲೆಯ ಗುರುಗಳು ಬೇಕಾದರೂ ಸಹಿ ಮಾಡಿ ಒಯ್ಯಲಿ, ವಾರದೊಳಗೆ ತಂದುಕೊಡಲಿ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಾಗ ಬದಲಿಸಿಕೊಡುವ ಜವಾಬ್ದಾರಿ ನನ್ನದು.